ವರಸೆ ಎಂಬ ಒಂದು ಮಾತು

ಆ ಹುಡುಗಿ ಫೋನ್ ಮಾಡಿದಾಗ ನಾನು ನಕ್ಕೆ. ಸುತ್ತಿ ಬಳಸಿ ಹೇಳಿ ಕೊನೆಗೆ ಒಪ್ಪಿಕೊಳ್ಳುವ ಜಾಣತನ ನನಗೆ ಬೇಡ, ಮೊದಲೇ ಹೇಳಿಬಿಡುತ್ತೇನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನಲ್ಲಿ ನಮ್ಮ ಕೇಬಲ್ ಇದ್ದ ಮನೆಗಳಲ್ಲೆಲ್ಲ ಆ ನಗು ಕೇಳಿಸಿತು. ಲೈವ್ ಕಾರ್ಯಕ್ರಮ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮಮ್ಮ ನೂರು ಸಲ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದರೆ ತಾನೆ?

ಕೋಲಾರದ ಒಂದು ಪುಟ್ಟ ಚಾನೆಲ್ಲಿನಲ್ಲಿ ನನ್ನ ಕೆಲಸ. ಸ್ಟುಡಿಯೋ ಅಂದರೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದು ರೂಮು, ಒಂದು ಹಸಿರು ಪರದೆ, ಎರಡು ಕುರ್ಚಿ, ಸದ್ದು ಮಾಡುತ್ತದೆಂದು ಕಾರ್ಯಕ್ರಮದ ಹೊತ್ತಿಗೆ ಆರಿಸಿಬಿಡುತ್ತಿದ್ದ ಒಂದು ಫ್ಯಾನು. ಬೆಳಿಗ್ಗೆ ಜಿಲ್ಲೆಯ ಸುದ್ದಿ ಓದುತ್ತಿದ್ದೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಹೆಂಗಸರ, ಮಕ್ಕಳ ಕಾರ್ಯಕ್ರಮ. ಮೂರೇ ಯಾಕೆಂದರೆ ಅಷ್ಟೊತ್ತಿಗೆ ಪಾತ್ರೆ ತೊಳೆದಾಗಿರುತ್ತದೆ, ಡೇರಿಗೆ ಹಾಲು ಹಾಕುವ ಹೊತ್ತು ಇನ್ನೂ ಆಗಿರುವುದಿಲ್ಲ, ಗಂಡಸರು ಮನೆಯಲ್ಲಿರುವುದಿಲ್ಲ. ಆ ಒಂದು ಗಂಟೆ ರಿಮೋಟು ಹೆಂಗಸರ ಕೈಯಲ್ಲಿರುತ್ತದೆ.

ಕಾರ್ಯಕ್ರಮದ ವಿಷಯ ದೌರ್ಜನ್ಯ. ಗಂಡನ ಹೊಡೆತ, ಓದುವ ವಯಸ್ಸಿನಲ್ಲಿ ಮದುವೆ, ಮಕ್ಕಳ ಮೈಮೇಲೆ ಕೈ ಹಾಕುವವರು, ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದೆವು. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ವಕೀಲೆ ಕೂರುತ್ತಿದ್ದರು. ಕರಾವಳಿ ಕಡೆಯವರು, ಮದುವೆಯಾಗಿ ಕೋಲಾರಕ್ಕೆ ಬಂದವರು. ಅವರು ಕಾನೂನು ಹೇಳುವುದು, ನಾನು ಅದನ್ನು ಬಿಡಿಸಿ ನಮ್ಮ ಜನರ ಬಾಯಿಮಾತಿಗೆ ಇಳಿಸುವುದು. ತೆಲುಗು ಬೆರೆಸಿ ಮಾತಾಡುತ್ತಿದ್ದೆ, ಮುಳಬಾಗಿಲು ಕಡೆಯವರಿಗೆ ಅದು ಹಿಡಿಸುತ್ತಿತ್ತು. 'ನಮ್ಮನೆ ಹೆಂಗಸು ಮಾತಾಡ್ದಂಗೇ ಇರ್ತದೆ' ಅಂತ ಬಸ್ಸಿನಲ್ಲಿ ಸಿಕ್ಕವರು ಹೇಳುತ್ತಿದ್ದರು. ನನಗೆ ಅದರ ಜಂಬ ಬಹಳ ಇತ್ತು.

ಶುರುವಿನಲ್ಲಿ ಎರಡು ನಿಮಿಷದ ಒಂದು ಚಿತ್ರ ಹಾಕುತ್ತಿದ್ದೆವು. ನಾವೇ ಮಾಡಿದ್ದು. ಶಾಲೆಯ ಗೇಟು, ಎರಡು ಜಡೆಯ ಹುಡುಗಿ, ಗಡ್ಡ ಬಿಟ್ಟ ಒಬ್ಬ ಮನುಷ್ಯ, ಅವನ ಕೈಯಲ್ಲಿ ಚಾಕೊಲೇಟು. 'ಗುರುತಿಲ್ಲದವರು ಕರೆದರೆ ಹೋಗಬೇಡಿ ಮಕ್ಕಳೇ' ಅಂತ ನನ್ನದೇ ದನಿ. ಗಡ್ಡದವನ ಪಾತ್ರ ಮಾಡಿದ್ದು ನಮ್ಮ ಕ್ಯಾಮೆರಾದವನು. ಪಾಪ, ಮಾಲೂರು ಬಸ್ಸಿನಲ್ಲಿ ಅವನನ್ನು ಕಂಡರೆ ಮಕ್ಕಳು ಅಮ್ಮಂದಿರ ಸೆರಗು ಹಿಡಿದುಕೊಳ್ಳುತ್ತಿದ್ದವು. ನಮ್ಮ ಕಾರ್ಯಕ್ರಮ ಕೆಲಸ ಮಾಡುತ್ತಿದೆ ಅಂತ ನಾವು ಖುಷಿಪಡುತ್ತಿದ್ದೆವು.

ಅದು ಬೇಸಿಗೆ ರಜೆ. ಶ್ರೀನಿವಾಸಪುರದ ತೋಟಗಳಲ್ಲಿ ಮಾವಿನಕಾಯಿ ಕೀಳುವ ಕಾಲ. ಫ್ಯಾನು ಆರಿಸಿದ ರೂಮಿನಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಮೂರನೆಯದೋ ನಾಲ್ಕನೆಯದೋ ಕರೆ. ಹುಡುಗಿಯ ದನಿ, ತೀರ ಮೆಲ್ಲಗೆ.

"ಮೇಡಂ, ನಾನು ಶ್ರೀನಿವಾಸಪುರದ ಕಡೆಯಿಂದ."

"ಹೇಳಮ್ಮಾ. ಹೆಸರು ಬೇಡ, ವಿಷಯ ಹೇಳು."

"ಗುರುತಿಲ್ದೋರು ಅಂದ್ರಲ್ಲ ಮೇಡಂ. ಗುರುತಿರೋರಾದ್ರೆ?"

"ಯಾರಮ್ಮಾ ಗುರುತಿರೋರು?"

"ನಮ್ ಮಾವ. ಅಮ್ಮನ ತಮ್ಮ. ಅವ್ನು ಮನೇಗೆ ಬಂದ್ರೆ ನಂಗೆ ಬ್ಯಾಡ ಅನ್ಸ್ತದೆ. ಸುಮ್ನೆ ಇರಲ್ಲ. ರೇಗಿಸ್ತಾನೆ."

ಆಗ ನಾನು ನಕ್ಕದ್ದು. "ಅಯ್ಯೋ ಕಂದಾ, ಸೋದರಮಾವ ಅಂದ್ಮೇಲೆ ರೇಗಿಸ್ದೆ ಬಿಡ್ತಾನೇನೇ? ವರಸೆ ಅಲ್ವಾ! ನೀನೂ ತಿರುಗ್ಸಿ ನಾಲ್ಕು ಮಾತು ಅನ್ನು, ತೆಪ್ಪಗಾಗ್ತಾನೆ!"

ಆ ಕಡೆಯಿಂದ ಒಂದು ಉಸಿರು ಕೇಳಿಸಿತು. ಆಮೇಲೆ ಲೈನು ಕಟ್ಟಾಯಿತು. ಸೀರೆ ಅಂಗಡಿಯ ಜಾಹೀರಾತು ಶುರುವಾಯಿತು. ನಾನು ನೀರು ಕುಡಿದೆ.

"ವರಸೆ ಅಂದ್ರೆ ಎಂಥದು?" ಅಂತ ವಕೀಲೆ ಕೇಳಿದರು. "ಕುಸ್ತಿ ವರಸೆ ಗೊತ್ತುಂಟು ನನಗೆ. ಇದೆಂಥದು?"

ಜಾಹೀರಾತು ಮುಗಿಯುವುದರೊಳಗೆ ಹೇಳಬೇಕಿತ್ತು, ಹೇಳಿದೆ. ಯಾರಿಗೆ ಯಾರು ಏನಾಗಬೇಕು ಅನ್ನುವುದೇ ವರಸೆ. ಅಣ್ಣನ ವರಸೆಯವನಾದರೆ ಹುಡುಗಿ ಅವನ ಮುಂದೆ ತಲೆ ಎತ್ತಿ ಆಡುವಂತಿಲ್ಲ, ಅವನೂ ಹಾಗೆಲ್ಲ ಮಾತಾಡುವಂತಿಲ್ಲ. ಮಾವನ ವರಸೆಯವನಾದರೆ ರೇಗಿಸಬಹುದು. ಜಡೆ ಎಳೆಯಬಹುದು, ಕೆನ್ನೆ ಚಿವುಟಬಹುದು, 'ನನ್ನ ಹೆಂಡ್ತಿ' ಅನ್ನಬಹುದು. ಯಾಕೆಂದರೆ ನಾಳೆ ಅವನಿಗೇ ಕೊಟ್ಟರೂ ಕೊಡಬಹುದು. ಯಾರೂ ತಪ್ಪು ತಿಳಿಯುವುದಿಲ್ಲ.

"ಹುಡುಗಿ ತಪ್ಪು ತಿಳಿದರೆ?" ಅಂದರು ಅವರು.

ಹುಟ್ಟಿದಾಗಿನಿಂದ ಆಡಿದ ಮಾತನ್ನು ಹೊರಗಿನವರಿಗೆ ಬಿಡಿಸಿ ಹೇಳುವ ಹೊತ್ತಿಗೆ ಅದು ನನ್ನ ಕಿವಿಗೇ ಬೇರೆ ಥರ ಕೇಳಿಸಿತು. ಆ ಹುಡುಗಿ 'ರೇಗಿಸ್ತಾನೆ' ಅಂದಿದ್ದಳು. ಆ ವಯಸ್ಸಿನವಳಿಗೆ ಬೇರೆ ಯಾವ ಮಾತು ಗೊತ್ತಿರಬೇಕಿತ್ತು? ನಾವು ಅವಳಿಗೆ ಕೊಟ್ಟದ್ದು ಆ ಒಂದೇ ಮಾತು.

"ಅವಳಿಗೆ ವಯಸ್ಸೆಷ್ಟು ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಉಳಿದ ಅರ್ಧ ಗಂಟೆ ಏನು ಮಾತಾಡಿದೆನೋ ದೇವರಿಗೇ ಗೊತ್ತು.

ಕಾರ್ಯಕ್ರಮ ಮುಗಿದ ಕೂಡಲೇ ಸ್ಟುಡಿಯೋ ಮೊಬೈಲಿನಲ್ಲಿ ಆ ನಂಬರು ಹುಡುಕಿ ಫೋನ್ ಮಾಡಿದೆ. ಗಂಡಸು ಎತ್ತಿದ. "ಯಾರಮ್ಮಾ? ಇದು ನಮ್ಮಕ್ಕನ ಫೋನು." ಒಳ್ಳೆ ನಗುನಗುತ್ತ ಮಾತಾಡುವ ದನಿ. ನಾನು ಚಾನೆಲ್ಲಿನ ಹೆಸರು ಹೇಳಿಬಿಟ್ಟೆ, ಹೇಳಿದ ಮೇಲೆ ಅರಿವಾಯಿತು. ಅವನೇ ಆ ಮಾವ. ತಕ್ಷಣ ಹೊಳೆದ ಸುಳ್ಳು ಹೇಳಿದೆ. ಈ ನಂಬರಿಗೆ ಬಹುಮಾನ ಬಂದಿದೆ, ಸ್ಟೀಲ್ ಡಬ್ಬಿ, ನಾವೇ ಮನೆಗೆ ತಂದುಕೊಡುತ್ತೇವೆ, ವಿಳಾಸ ಬೇಕು.

"ಹೌದಾ! ಯಾರು ಫೋನ್ ಮಾಡಿದ್ರು ನಮ್ಮನೇಯಿಂದ?"

"ಯಾರೋ ಹೆಂಗಸರು. ಹೆಸರು ಹೇಳಲಿಲ್ಲ."

"ಹೆಂಗಸ್ರಾ," ಅಂತ ಎಳೆದ. ಆಮೇಲೆ ಊರು, ಬಸ್ ಸ್ಟಾಪು, ಯಾವ ಬೀದಿ, ಎಲ್ಲ ಹೇಳಿದ. ಬನ್ನಿ ಮೇಡಂ, ಕಾಫಿ ಕುಡ್ಕೊಂಡು ಹೋಗಿ ಅಂದ.

ಫೋನು ಇಟ್ಟಾಗ ವಕೀಲೆ ನನ್ನನ್ನು ಹರಿದು ತಿನ್ನುವ ಹಾಗೆ ನೋಡಿದರು. ವಿಳಾಸ ಸಿಕ್ಕಿತು ನಿಜ, ಆದರೆ ಆ ಹುಡುಗಿ ಫೋನ್ ಮಾಡಿದ್ದು ಅವನಿಗೆ ಗೊತ್ತಾಗುವ ಹಾಗೆ ಮಾಡಿದ್ದೂ ನಾನೇ. ಅವರು ಅಲ್ಲಿಂದಲೇ ಮಕ್ಕಳ ಸಹಾಯವಾಣಿಗೆ ತಿಳಿಸಿದರು. ಗೊತ್ತಾದ ಮೇಲೆ ತಿಳಿಸಲೇಬೇಕು, ಕಾನೂನು ಅಂದರು. ಆ ಕಾನೂನನ್ನು ನಾನೇ ಅದೆಷ್ಟು ಶನಿವಾರ ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿದ್ದೆನೋ! ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗುವುದು ಅಂತ ಸಹಾಯವಾಣಿಯ ಕಾರ್ಯಕರ್ತೆ ಹೇಳಿದಳು. ಟೀವಿಯವರು ಜೊತೆಗಿದ್ದರೆ ಬಾಗಿಲು ತೆಗೆಯುತ್ತಾರೆ, ನೀವೂ ಬನ್ನಿ ಅಂದಳು.

ಸಂಜೆ ಮನೆಗೆ ಬಂದು ನನ್ನ ಗಂಡನಿಗೆ ಎಲ್ಲ ಹೇಳಿದೆ. ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋದರೆ ನಾನು ಕಳ್ಳಿಯಾಗುತ್ತೇನೆ. ನನ್ನ ಗಂಡ ನನ್ನ ಸೋದರಮಾವ, ನಮ್ಮಮ್ಮನ ಕಡೇ ತಮ್ಮ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನು. ಹೋಳೂರಿನ ನಮ್ಮ ಮನೆಗೆ ಅವನು ಬಂದರೆ ನಮ್ಮಜ್ಜಿ 'ಬಂದ ನೋಡೇ ನಿನ್ ಗಂಡ' ಅನ್ನುತ್ತಿದ್ದಳು, ಮನೆಯೆಲ್ಲ ನಗುತ್ತಿತ್ತು. ನಾನು ದೊಡ್ಡವಳಾದಾಗ ನನ್ನನ್ನು ಕೂರಿಸಲು ಹಸಿರು ಸೊಪ್ಪಿನ ಗುಡ್ಲು, ಅಂದರೆ ಗುಡಿಸಲು, ಹಾಕಿದವನೂ ಅವನೇ, ಅದು ಸೋದರಮಾವನ ಹಕ್ಕು. ಒಳ್ಳೆಯ ಮನುಷ್ಯ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಇಷ್ಟು ವರ್ಷದಲ್ಲಿ ನನ್ನ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಹಾಗಾಗಿಯೇ ಮಾವ ರೇಗಿಸುತ್ತಾನೆ ಅಂದಾಗ ನನಗೆ ನಗು ಬಂದದ್ದು. ನನಗೆ ಗೊತ್ತಿದ್ದ ಮಾವ ಅವನು.

ಅವನು ಕಾಫಿ ಲೋಟ ಹಿಡಿದು ಕೇಳಿಸಿಕೊಂಡ. ಆಮೇಲೆ ನನ್ನ ಕಡೆ ನೋಡದೆ ಹೇಳಿದ, "ನಾನೂ ನಿನ್ನ ಬಹಳ ರೇಗಿಸ್ತಿದ್ದೆ ಅಲ್ವೇನೇ."

"ಹೂಂ."

"ನಿಂಗೂ ಭಯ ಆಗ್ತಿತ್ತಾ?"

ಇಲ್ಲ ಅಂತ ಬಾಯಿ ತುದಿಗೆ ಬಂತು. ಆದರೆ ಆ ದಿನ ಆಗಲೇ ಒಂದು ಸಲ ಬಾಯಿಗೆ ಬಂದದ್ದು ಆಡಿ ಕೆಟ್ಟಿದ್ದೆ. ಸ್ವಲ್ಪ ಯೋಚಿಸಿದೆ. ಹನ್ನೆರಡು ಹದಿಮೂರರಲ್ಲಿ ಅವನ ಸೈಕಲ್ಲಿನ ಬೆಲ್ಲು ಕೇಳಿದರೆ ನಾನು ಹಟ್ಟಿಯ ಹಿಂದಕ್ಕೆ ಓಡುತ್ತಿದ್ದೆ. ನಾಚಿಕೆ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಾಚಿಕೆ ಅಂತಲೇ ಅಂದುಕೊಂಡಿದ್ದೆ.

"ಒಂದೊಂದ್ ಸಲ," ಅಂದೆ.

ಅವನು ಕಾಫಿ ಪೂರ್ತಿ ಕುಡಿಯಲಿಲ್ಲ. ಎದ್ದು ಹೋಗಿ ಲೋಟ ತಾನೇ ತೊಳೆದಿಟ್ಟ. ನನಗೆ ಅವನ ಮೇಲೆ ಪ್ರೀತಿಯೂ ಬಂತು, ಸಿಟ್ಟೂ ಬಂತು, ಯಾವುದು ಎಷ್ಟು ಅಂತ ಈಗಲೂ ಹೇಳಲಾರೆ.

ಭಾನುವಾರ ಬೆಳಿಗ್ಗೆ ನಾನು, ಸಹಾಯವಾಣಿಯ ಆ ಹೆಣ್ಣುಮಗಳು ಶ್ರೀನಿವಾಸಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು. ಸುಳ್ಳನ್ನು ನಿಜ ಮಾಡಬೇಕಲ್ಲ, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸ್ಟೀಲ್ ಡಬ್ಬಿ ಕೊಂಡುಕೊಂಡೆ. ಊರಿನ ಹೆಸರು ಬರೆಯುವುದಿಲ್ಲ. ಬರೆಯಬಾರದು ಅಂತ ಕಾನೂನೂ ಇದೆ, ನನಗೂ ಬುದ್ಧಿ ಬಂದಿದೆ.

ಅದು ರೇಷ್ಮೆ ಹುಳ ಸಾಕುವ ಮನೆ. ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ರಾಶಿ, ಪಕ್ಕದಲ್ಲಿ ಹುಳ ಮನೆ, ಅದರ ಬಾಗಿಲಿಗೆ ಬಲೆ ಕಟ್ಟಿದ್ದರು. ಹುಡುಗಿಯ ತಾಯಿ ನನ್ನನ್ನು ನೋಡಿದ ತಕ್ಷಣ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. "ಅಯ್ಯೋ ದೇವುಡಾ, ಟೀವಿ ಮೇಡಂ! ಕೂಚೋಂಡಿ, ಕೂತ್ಕೊಳಿ. ಹುಳ ಮನೆ ಕಡೆ ಮಾತ್ರ ಹೋಗ್ಬೇಡ್ರಮ್ಮಾ, ಈಗ ತಾನೆ ನಾಲ್ಕನೇ ಜ್ವರ ಎದ್ದವೆ. ಹೊರಗಿನೋರು ಕಾಲಿಟ್ರೆ ಸೋಂಕಾಗ್ತದೆ."

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವಕ್ಕೆ ರಾಕ್ಷಸ ಹಸಿವು, ಹೊತ್ತು ಹೊತ್ತಿಗೆ ಸೊಪ್ಪು ಸುರಿಯಬೇಕು, ಮನೆಮಂದಿಗೆಲ್ಲ ಉಸಿರಾಡಲು ಬಿಡುವಿರುವುದಿಲ್ಲ. ಗಂಡ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾನೆ, ತಮ್ಮ ಪಾಪ ಪ್ರತಿ ಬೆಳೆಗೂ ಬಂದು ಹದಿನೈದು ದಿನ ಇದ್ದು ಕೈ ಹಚ್ಚಿ ಹೋಗುತ್ತಾನೆ, ಇವತ್ತೊಂದು ದಿನ ಮಾವಿನಕಾಯಿ ಲೋಡಿನ ಜೊತೆ ಮಂಡಿಗೆ ಹೋಗಿದ್ದಾನೆ ಅಂತ ಅವಳೇ ಹೇಳಿದಳು. ಪ್ರತಿ ಬೆಳೆಗೂ, ಹದಿನೈದು ದಿನ. ಹುಳಕ್ಕೆ ಇಷ್ಟು ಜಾಗ್ರತೆ ಮಾಡುವ ನಿನಗೆ ಹುಡುಗಿ ಕಾಣಿಸಲಿಲ್ಲವೇನೇ ತಾಯಿ ಅಂತ ಕೂಗಬೇಕು ಅನ್ನಿಸಿತು. ಆದರೆ ಹಾಗೆ ಕೂಗಲು ನನಗೆ ಯಾವ ಮುಖವಿತ್ತು?

"ನಿನ್ನೆ ನಿಮ್ಮ ಮಗಳು ನಮಗೆ ಫೋನ್ ಮಾಡಿದ್ದಳಮ್ಮಾ," ಅಂದೆ.

"ಗೊತ್ತಾಯ್ತು ಬಿಡಿ," ಅಂತ ನಕ್ಕಳು. "ಪಕ್ಕದ ಮನೆಯೋರು ಬಂದು, ನಿನ್ ಮಗಳ ದನಿ ಟೀವೀಲಿ ಬಂತು ಕಣೇ ಅಂದ್ರು. ನಾನು ಮನೆ ಮಾತು ಬೀದಿಗ್ ಹಾಕ್ತೀಯಾ ಅಂತ ಎರಡೇಟು ಹಾಕ್ದೆ. ನನ್ ತಮ್ಮನೇ ಬಂದು ಬಿಡಿಸ್ದ. ಹೊಡೀಬೇಡ ಬಿಡಕ್ಕಾ, ಟೀವಿ ಮೇಡಮ್ಮೇ ಹೇಳವ್ರಲ್ಲ ವರಸೆ ಅಂತ, ಇನ್ನೇನು ಅಂದ."

ನನ್ನ ಕೈಯಲ್ಲಿದ್ದ ಡಬ್ಬಿ ಜಾರಿತು, ಮುಚ್ಚಳ ಅಂಗಳದಲ್ಲಿ ಉರುಳಿಕೊಂಡು ಹೋಯಿತು. ಅವಳೇ ಎತ್ತಿ ತಂದುಕೊಟ್ಟಳು.

"ಎಸ್ಸೆಸ್ಸೆಲ್ಸಿ ಒಂದು ಆಗ್ಲಿ, ಅವನಿಗೇ ಕೊಡೋದು ಅಂತ ಮಾತಾಗದೆ," ಅಂದಳು. "ಈಗ ಏಳ್ನೇ ಕ್ಲಾಸ್ ಪಾಸಾಗವ್ಳೆ."

ಕಾರ್ಯಕರ್ತೆ ಆಗ ಬಾಯಿ ಬಿಟ್ಟಳು. ಚಿಕ್ಕ ವಯಸ್ಸಿನವಳು, ಆದರೆ ನನ್ನ ಹಾಗೆ ವಟವಟ ಅನ್ನುವವಳಲ್ಲ. ತಾನು ಎಲ್ಲಿಂದ ಬಂದಿದ್ದೇನೆ, ಯಾಕೆ ಬಂದಿದ್ದೇನೆ ಅಂತ ನೇರವಾಗಿ ಹೇಳಿ, ನಿಮ್ಮ ಮಗಳ ಹತ್ತಿರ ಸ್ವಲ್ಪ ಮಾತಾಡಬೇಕು ಅಂದಳು. ತಾಯಿಯ ಮುಖ ಒಮ್ಮೆಲೇ ಗಂಟಾಯಿತು.

"ಅಂದ್ರೆ? ನನ್ ತಮ್ಮನ ಮೇಲೆ ಏನೇನೋ ಹೊರಿಸೋಕೆ ಬಂದಿದ್ದೀರಾ? ಅವನನ್ನ ಸೊಂಟದ ಮೇಲೆ ಹೊತ್ತು ಸಾಕಿದೋಳು ನಾನು!"

"ಅಮ್ಮಾ, ನಿನ್ನೆ ನಾನು ಹೇಳಿದ್ದು ತಪ್ಪು," ಅಂದೆ. "ಗೊತ್ತಿಲ್ಲದೆ ಹೇಳಿಬಿಟ್ಟೆ. ವರಸೆ ಇದ್ದರೂ ಆ ಮಗು ಬೇಡ ಅಂದರೆ ಬೇಡ."

"ನಿನ್ನೆ ಒಂದು, ಇವತ್ತೊಂದು ಹೇಳ್ತೀರಾ? ಊರೆಲ್ಲ ಕೇಳವ್ರೆ ನೀವು ಹೇಳಿದ್ದು!"

ವಾರಕ್ಕೊಂದು ಸಲ ನಾಲ್ಕು ತಾಲ್ಲೂಕಿಗೆ ಬುದ್ಧಿ ಹೇಳುವವಳು ಒಂದು ಅಂಗಳದಲ್ಲಿ ಬಾಯಿ ಕಟ್ಟಿ ನಿಂತೆ.

ಅಷ್ಟರಲ್ಲಿ ಹುಡುಗಿಯೇ ಹಿತ್ತಲ ಕಡೆಯಿಂದ ಬಂದಳು. ತಲೆ ಮೇಲೆ ಸೊಪ್ಪಿನ ಹೊರೆ. ಅದನ್ನು ಇಳಿಸಿ ನಿಂತಳು. ಸಣ್ಣ ಮೈ, ಬಿಸಿಲಿಗೆ ಒಣಗಿದ ತುಟಿ. ಎಡಗಿವಿಯ ಕೆಳಗೆ ತಾಯಿಯ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ನನ್ನನ್ನು ನೋಡಿದಳು. ಗುರುತು ಹತ್ತಿತು. ಒಂದು ಹೆಜ್ಜೆ ಹಿಂದೆ ಸರಿದಳು.

ನಮ್ಮ ಚಿತ್ರದ ಗಡ್ಡದವನನ್ನು ಕಂಡು ಮಕ್ಕಳು ಸರಿಯುತ್ತಿದ್ದದ್ದೂ ಹೀಗೆಯೇ. ನಾನು ನಗಲು ಹೋದೆ, ಆಗಲಿಲ್ಲ. "ಪುಟ್ಟೀ, ನಿಂಗೇನೂ ಆಗಲ್ಲ ಕಣೇ, ನಾವಿದ್ದೀವಿ" ಅಂದೆ. ಅವಳು ನೆಲ ನೋಡಿದಳು.

ಕಾರ್ಯಕರ್ತೆ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹುಳದ ಬಗ್ಗೆ, ಶಾಲೆಯ ಬಗ್ಗೆ ಏನೇನೋ ಕೇಳಿದಳು. ಎಷ್ಟು ಮೊಟ್ಟೆ ತಂದಿದ್ದೀರಿ, ಗೂಡು ಯಾವಾಗ ಕಟ್ಟುತ್ತವೆ. ಹುಡುಗಿ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ತಾಯಿ ಬೈಯಲೂ ಆಗದೆ ತಡೆಯಲೂ ಆಗದೆ ಸೊಪ್ಪು ಬಿಡಿಸುತ್ತ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಕಾರ್ಯಕರ್ತೆ ಎದ್ದು ಹುಡುಗಿಯ ಜೊತೆ ಮನೆಯೊಳಗೆ ಹೋದಳು. ನಾನೂ ಹಿಂದೆಯೇ ಹೋದೆ. ತಪ್ಪು ಮಾಡಿದವಳು ನಾನು, ತಿದ್ದಬೇಕಾದವಳೂ ನಾನೇ ಅಂತ ನನ್ನ ಲೆಕ್ಕ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಏನು ಹೇಳಬೇಕು ಅಂತ ಜೋಡಿಸಿಕೊಂಡೇ ಬಂದಿದ್ದೆ. ಅವಳನ್ನು ತಬ್ಬಿಕೊಂಡು ಕ್ಷಮಿಸು ಕಂದಾ ಅನ್ನುತ್ತೇನೆ, ಅವಳು ಅಳುತ್ತಾಳೆ, ಎಲ್ಲ ಹೇಳುತ್ತಾಳೆ ಅಂದುಕೊಂಡಿದ್ದೆ. ಟೀವಿಯಲ್ಲಿ ಹಾಗೆಯೇ ಆಗುತ್ತದೆ.

ನಾನು ಹೊಸ್ತಿಲು ದಾಟುವಾಗ ಹುಡುಗಿ ಕಾರ್ಯಕರ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಕಾರ್ಯಕರ್ತೆ ಎದ್ದು ಬಂದು ನನ್ನ ತೋಳು ಹಿಡಿದು ಬಾಗಿಲ ಆಚೆ ಕರೆದುಕೊಂಡು ಬಂದಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನೀವು ಸ್ವಲ್ಪ ಹೊರಗಡೆ ಇರಿ."

"ಯಾಕೆ? ಏನಂದ್ಲು?"

ಅವಳು ದನಿ ತಗ್ಗಿಸಿದಳು. "ಆಯಮ್ಮ ನಮ್ ಮಾವನ ಕಡೆಯೋರು, ಅವ್ರಿದ್ರೆ ಹೇಳಲ್ಲ ಅಂದ್ಲು."

ಬಾಗಿಲು ಮುಚ್ಚಿತು.

ನಾನು ಹೋಗಿ ಜಗಲಿಯ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು, ಆದರೆ ಅಳುವ ಹಕ್ಕೂ ನನಗಿಲ್ಲ ಅನ್ನಿಸಿ ಒರೆಸಿಕೊಂಡೆ. ಹುಳ ಮನೆಯೊಳಗಿಂದ ಹುಳಗಳು ಸೊಪ್ಪು ಮೇಯುವ ಸರಸರ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ಅದೊಂದೇ ಕೇಳಿಸುತ್ತಿತ್ತು. ಆಮೇಲೆ ಮನೆಯ ಒಳಗೆ ಹುಡುಗಿಯ ದನಿ ಶುರುವಾಯಿತು. ಮಾತು ತಿಳಿಯಲಿಲ್ಲ. ಮೊದಲು ತಡೆದು ತಡೆದು, ಆಮೇಲೆ ತಡೆಯಿಲ್ಲದೆ.

ತಾಯಿಯ ಕೈ ಸೊಪ್ಪಿನ ಮೇಲೆ ನಿಂತಿತು. ಮಗಳು ಅಷ್ಟು ಹೊತ್ತು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲವೋ ಏನೋ. ಮುಚ್ಚಿದ ಬಾಗಿಲು ನೋಡಿದಳು, ನನ್ನನ್ನು ನೋಡಿದಳು.

"ನಿಮ್ಮನ್ನ ಯಾಕೆ ಆಚೆ ಕಳಿಸಿದ್ರು?"

ಸುಳ್ಳು ಹೇಳುವುದು ಸಾಕಾಗಿತ್ತು. "ನಾನು ನಿಮ್ಮ ತಮ್ಮನ ಕಡೆಯವಳಂತೆ. ಅದಕ್ಕೆ ನಾನಿದ್ದರೆ ಹೇಳಲ್ಲವಂತೆ."

ಅವಳು ಕೈಯಲ್ಲಿದ್ದ ಕಡ್ಡಿಯನ್ನು ರಾಶಿಯ ಮೇಲೆ ಹಾಕಿ, ಅಲ್ಲೇ ಸೊಪ್ಪಿನ ಪಕ್ಕ ನೆಲದ ಮೇಲೆ ಕೂತಳು.

"ನನ್ನನ್ನೂ ಒಳಕ್ ಕರೀಲಿಲ್ವಲ್ಲಮ್ಮಾ," ಅಂದಳು.

ಒಳಗೆ ಹುಡುಗಿ ಇನ್ನೂ ಮಾತಾಡುತ್ತಲೇ ಇದ್ದಳು.